ಒಂದೊತ್ತಿನ ಖಾರದ ಗಂಟು

ನಾವು ಸಣ್ಣವರಿದ್ದಾಗ ಎರಡು ದಿನ ಊರು ಬಿಟ್ಟು ಇರಬೇಕೆಂದರೆ ಬಟ್ಟೆಗಿಂತ ಮೊದಲು ಉಪ್ಪು-ಖಾರ ಕಟ್ಟುತ್ತಿದ್ದರು. ಹೋಟೆಲಿನ ಊಟ ಏನಿದ್ದರೂ ಕೋರ್ಟು ಕಚೇರಿಗೆ ಅಲೆಯುವವರಿಗೆ ಎಂದು ನಮ್ಮ ಮನೆಯವರ ಎಣಿಕೆ. ನಮ್ಮದು ಶಿಗ್ಲಿ. ಹೊಲ ಊರಿನಿಂದ ಬಹಳ ದೂರ. ಸುಗ್ಗಿಯಲ್ಲಿ ಅಪ್ಪ, ಅವ್ವ ಇಬ್ಬರೂ ಹೊಲದಲ್ಲೇ ವಸ್ತಿ ಇರುತ್ತಿದ್ದರು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಹೊತ್ತುಕೊಂಡು ಹೋಗುವುದು ಹೇಗೆ? ಅದಕ್ಕೆ ಅವ್ವ ತಾನೇ ಒಂದು ದಾರಿ ಕಂಡುಕೊಂಡಿದ್ದಳು. ಒಂದು ಹೊತ್ತಿನ ಅಡುಗೆಗೆ ಒಂದು ಗಂಟು. ಹಳೆಯ ಸೀರೆಯ ತುಂಡಿನೊಳಗೆ ನಾಲ್ಕೈದು ಕಾಗದದ ಪುಡಿಕೆಗಳು. ಸಾಸಿವೆ ಜೀರಿಗೆ ಕೂಡಿದ್ದು ಒಂದು, ಮಸಾಲಿ ಖಾರ ಮತ್ತು ಅರಿಷಿಣ ಒಂದು, ಉಪ್ಪು ಒಂದು, ಹುಣಸೆಹಣ್ಣಿನ ಉಂಡೆಗೆ ಬೆಲ್ಲದ ಚೂರು ಒತ್ತಿದ್ದು ಇನ್ನೊಂದು. ಗಂಟಿನ ತುದಿಗೆ ಚಿಟಿಕೆ ಇಂಗು. ಹೊಲಕ್ಕೆ ಹೋದ ಮೇಲೆ ಗಂಟು ಬಿಚ್ಚಿ ಪಾತ್ರೆಗೆ ಸುರಿದರೆ ಮುಗಿಯಿತು, ಅಳತೆ ನೋಡುವ ಕೆಲಸವೇ ಇಲ್ಲ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಯ ಹುಡುಗಿಯರ ಖೋಖೋ ತಂಡ ತಾಲೂಕಿನಲ್ಲಿ ಗೆದ್ದು, ಮುಂದಿನ ಆಟಕ್ಕೆ ಮುಂಡರಗಿಗೆ ಹೋಗಬೇಕಾಯಿತು. ಶ್ರಾವಣ ಮುಗಿಯುವ ದಿನಗಳು. ಉಳಿಯಲು ಅಲ್ಲಿನ ಒಂದು ಶಾಲೆಯ ಕೋಣೆ ಕೊಡುತ್ತಾರೆ, ಊಟ ಅವರವರೇ ನೋಡಿಕೊಳ್ಳಬೇಕು ಎಂದು ಸುಶೀಲಾ ಅಕ್ಕೋರು ಹೇಳಿದರು. ನಮ್ಮ ಕಡೆ ಟೀಚರನ್ನು ಅಕ್ಕೋರು ಎಂದೇ ಕರೆಯುವುದು. ಒಬ್ಬೊಬ್ಬರಿಗೆ ಒಂದೊಂದು ಸಾಮಾನು ಹಂಚಿದರು. ಅಕ್ಕಿ ಒಬ್ಬಳಿಗೆ, ತೊಗರಿಬೇಳೆ ಒಬ್ಬಳಿಗೆ, ಎಣ್ಣೆ ನನ್ನ ಗೆಳತಿ ಶಕೀಲಾಗೆ. ನನ್ನ ಸರದಿ ಬಂದಾಗ ಅಕ್ಕೋರು ನಕ್ಕರು.

"ಗಿರಿಜಾ, ನೀ ಬ್ಯಾರೆ ಏನೂ ತರಬ್ಯಾಡ. ನಿಮ್ಮವ್ವಗ ಗಂಟು ಕಟ್ಟಿಕೊಡಾಕ ಹೇಳು."

ನನ್ನ ಅವ್ವನ ಗಂಟಿನ ಸುದ್ದಿ ಶಾಲೆಯ ತನಕ ಹೋಗಿತ್ತು ಎಂಬುದೇ ನನಗೆ ದೊಡ್ಡ ಹೆಮ್ಮೆ. ಅಂದು ಸಂಜೆ ಅವ್ವ ಖಾರ ಹುರಿದಳು. ಒಣ ಕೊಬ್ಬರಿ, ಬಳ್ಳೊಳ್ಳಿ, ಕೊತ್ತಂಬರಿ ಕಾಳಿನ ಘಾಟು ಓಣಿಯ ತನಕ ಹರಡಿ, ದಾರಿಯಲ್ಲಿ ಹೋಗುವವರು ಸೀನುತ್ತಿದ್ದರು. ನಾನು ಪುಡಿಕೆ ಕಟ್ಟುತ್ತ ಕುಳಿತೆ. ಅವ್ವ ಅಂಗೈ ಗುಳಿಯಲ್ಲಿ ಉಪ್ಪು ಹಿಡಿದು ಒಮ್ಮೆ ನೋಡುವಳು, ಒಂದೆರಡು ಹರಳು ವಾಪಸು ಡಬ್ಬಿಗೆ ಉದುರಿಸುವಳು.

"ಎಷ್ಟು ಮಂದಿ ಅದೀರಿ?"

"ಅಕ್ಕೋರು ಹಿಡದು ಹದಿಮೂರು ಬೇ."

"ಇಲ್ನೋಡು. ಕೆಂಪು ದಾರದ ಗಂಟು ಸಾರಿಗೆ. ಬಿಳಿ ದಾರದ್ದು ಅವಲಕ್ಕಿಗೆ. ಅದಲು ಬದಲು ಮಾಡಿಗೀಡಿ ಮತ್ತ, ಅವಲಕ್ಕಿಗೆ ಹುಣಸಿಹಣ್ಣು ಹಾಕಿ ನಗೆಗೇಡು ಆದೀರಿ!"

ಬಸ್ಸು ಲಕ್ಷ್ಮೇಶ್ವರ ದಾಟುವುದರೊಳಗೆ ಮಳೆ ಹಿಡಿಯಿತು. ನಾನು ಗಂಟುಗಳ ಚೀಲವನ್ನು ಲಂಗದೊಳಗೆ ಸುತ್ತಿ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಶಕೀಲಾ ಎಣ್ಣೆಯ ಬಾಟಲಿಯನ್ನು ಕೂಸಿನ ಹಾಗೆ ಎತ್ತಿಕೊಂಡಿದ್ದಳು. ಇಬ್ಬರ ಮೈಯೂ ಒಂದೊಂದು ವಾಸನೆ ಹೊಡೆಯುತ್ತಿತ್ತು.

ಮುಂಡರಗಿಯಲ್ಲಿ ಮಳೆ ನಿಂತು ಬಿಸಿಲು ಬಿದ್ದಿತ್ತು. ಮೊದಲ ದಿನದ ಆಟಗಳನ್ನು ನಾವು ಗೆದ್ದೆವು. ನಾನು ಅಷ್ಟು ಚೆನ್ನಾಗಿ ಮತ್ತೆಂದೂ ಓಡಲಿಲ್ಲವೇನೋ. ಇನ್ನೊಂದು ಕಡೆಯಿಂದ ಹಿರೇಹಂದಿಗೋಳದ ಹುಡುಗಿಯರೂ ಗೆದ್ದು ಬಂದರು. ಮರುದಿನ ಮಧ್ಯಾಹ್ನ ಫೈನಲ್ ಅವರ ಜೊತೆಗೇ. ಅವರ ಕ್ಯಾಪ್ಟನ್ ರೇಣುಕಾ ಎಂಬವಳು ನಮಗಿಂತ ಒಂದು ಗೇಣು ಎತ್ತರ. ಕಂಬದಿಂದ ಹಾರಿದರೆ ಅವಳ ಕೈ ಎಲ್ಲಿಯ ತನಕ ಬರುತ್ತದೆ ಎಂದು ಹೇಳುವಂತಿರಲಿಲ್ಲ. ಅವಳು ನಮ್ಮನ್ನು ನೋಡಿದರೂ ನೋಡದವರ ಹಾಗೆ ಹೋಗುತ್ತಿದ್ದಳು. ನಾವೂ ಹಾಗೆಯೇ ಮುಖ ತಿರುವುತ್ತಿದ್ದೆವು.

ಸಂಜೆ ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಮೂರು ಕಲ್ಲು ಹೂಡಿ ಒಲೆ ಮಾಡಿದೆವು. ಕಟ್ಟಿಗೆ ಹಸಿ. ಊದಿ ಊದಿ ಕಣ್ಣೆಲ್ಲ ಕೆಂಪಾದವು. ಬೇಳೆ ಬೆಂದ ಮೇಲೆ ಅಕ್ಕೋರು ನನ್ನ ಕೈಯಿಂದಲೇ ಕೆಂಪು ದಾರದ ಗಂಟು ಬಿಚ್ಚಿಸಿದರು. ಎಣ್ಣೆಯಲ್ಲಿ ಸಾಸಿವೆ ಚಟಪಟ ಎಂದಿತು, ಇಂಗು ಬಿತ್ತು, ಖಾರ ಬಿತ್ತು. ಆ ಗಿಡದ ಕೆಳಗೆ ನಮ್ಮ ಮನೆಯೇ ಬಂದು ಕುಳಿತ ಹಾಗಾಯಿತು.

ಸ್ವಲ್ಪ ದೂರದಲ್ಲಿ ಹಿರೇಹಂದಿಗೋಳದವರ ಒಲೆ. ಅಲ್ಲಿಂದ ಯಾವ ವಾಸನೆಯೂ ಬರಲಿಲ್ಲ. ಶಕೀಲಾ ನೀರು ತರುವ ನೆಪದಲ್ಲಿ ಹೋಗಿ ಖಬರು ತಂದಳು.

"ಅವರ ಚೀಲ ಬಸ್ಸಿನ ಮ್ಯಾಲೆ ಇತ್ತಂತ. ಮಳಿಯಾಗ ಉಪ್ಪು ಕರಗಿ, ಖಾರೆಲ್ಲಾ ರಾಡಿ ಆಗೇತಿ. ಬರೇ ಬ್ಯಾಳಿ ಕುದಸಾಕತ್ತಾರ!"

ನಮ್ಮವರೆಲ್ಲ ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಆಮೇಲೆ ಅನ್ನ ಕಲಸಿ ಬಾಯಿಗೆ ಇಟ್ಟುಕೊಂಡಾಗ, ಅವರು ಸಪ್ಪೆ ಬೇಳೆಯನ್ನು ಬಟ್ಟಲಿಗೆ ಹಾಕಿಕೊಳ್ಳುವುದು ಕಂಡಿತು. ಅವರಲ್ಲೊಬ್ಬ ಸಣ್ಣ ಹುಡುಗಿ ನಮ್ಮ ಪಾತ್ರೆಯ ಕಡೆಗೇ ನೋಡುತ್ತ ಅನ್ನ ಕಲಸುತ್ತಿದ್ದಳು. ನಾನು ಚೀಲ ತೆರೆದು ನೋಡಿದೆ. ಚೀಲದಲ್ಲಿ ಕೆಂಪು ದಾರದ್ದು ಇನ್ನೊಂದೇ ಗಂಟು ಇತ್ತು, ನಾಳೆಯ ಊಟದ್ದು.

"ಅಕ್ಕೋರ, ಆ ಗಂಟು ಅವರಿಗೆ ಕೊಡ್ಲೇನ್ರಿ?"

"ಕೊಡಬ್ಯಾಡ್ಲೇ!" ಶಕೀಲಾ ನಡುವೆಯೇ ಬಾಯಿ ಹಾಕಿದಳು. "ನಾಳೆ ಅವರ ಕೂಡನ ಆಟ ಐತಿ. ನಾವೇನು ಉಪ್ಪು ನೆಕ್ಕೋಣೇನು?"

ಅಕ್ಕೋರು ನನ್ನನ್ನೇ ನೋಡಿದರು. "ಕಟ್ಟಿದಾಕಿ ನಿಮ್ಮವ್ವ. ಆಕಿ ಇಲ್ಲಿ ಇದ್ರ ಏನ್ಮಾಡ್ತಿದ್ಲು, ಅದನ್ನ ಮಾಡು."

ಅವ್ವ ಇದ್ದಿದ್ದರೆ ಇಷ್ಟು ಹೊತ್ತು ಕೇಳುತ್ತಲೂ ಇರಲಿಲ್ಲ. ನಾನು ಗಂಟು ಹಿಡಿದು ಹೋದೆ. ರೇಣುಕಾ ಎದ್ದು ನಿಂತಳು. ಹತ್ತಿರದಲ್ಲಿ ಇನ್ನೂ ಎತ್ತರ ಕಂಡಳು.

"ಏನು?"

"ಇದು ಸಾರಿನ ಖಾರ. ಉಪ್ಪು, ಹುಳಿ ಎಲ್ಲಾ ಇದರಾಗ ಐತಿ."

"ನಮಗೇನೂ ಬ್ಯಾಡ. ನಾಳೆ ನೀವು ಸೋತ ಮ್ಯಾಲೆ, ನಮ್ಮ ಖಾರಾ ತಿಂದು ಗೆದ್ರು ಅಂತ ಊರೆಲ್ಲಾ ಹೇಳ್ಕೊಂತ ಅಡ್ಡಾಡ್ತೀರಿ."

ನನಗೆ ಸಿಟ್ಟು ಬಂತು. "ನಾವ್ಯಾಕ ಸೋಲ್ತೀವಿ? ಗೆದ್ದ ಮ್ಯಾಲೆ ಹೇಳ್ತೀವಿ ನೋಡು, ಖಾರಾ ಕೊಟ್ಟು ಗೆದ್ವಿ ಅಂತ!"

ಅವಳು ಜೋರಾಗಿ ನಕ್ಕಳು. ಹಿಂದೆ ಕುಳಿತವರೆಲ್ಲ ನಕ್ಕರು. ಆ ಸಣ್ಣ ಹುಡುಗಿ ಎದ್ದು ಬಂದು ನನ್ನ ಕೈಯಿಂದ ಗಂಟು ಕಸಿದುಕೊಂಡೇ ಬಿಟ್ಟಳು. ಹಾಕಿದ ಬೇಳೆಯನ್ನೆಲ್ಲ ಬಟ್ಟಲುಗಳಿಂದ ಪಾತ್ರೆಗೆ ವಾಪಸು ಸುರಿದರು. ಒಗ್ಗರಣೆಯ ವಾಸನೆ ಆ ಕಡೆಯಿಂದಲೂ ಬರತೊಡಗಿತು. ಅವರು ಎರಡನೆಯ ಸಲ, ಮೂರನೆಯ ಸಲ ಅನ್ನ ಹಾಕಿಕೊಳ್ಳುವುದನ್ನು ನಾನು ನಮ್ಮ ಒಲೆಯ ಹತ್ತಿರ ಕುಳಿತು ನೋಡಿದೆ.

ಬೆಳಗ್ಗೆ ಅವಲಕ್ಕಿ ತಿಂದೆವು. ಫೈನಲಿಗೆ ಮೊದಲು ಉಣ್ಣುವುದೇನು ಎಂದು ಎಲ್ಲರೂ ನನ್ನ ಮುಖ ನೋಡುತ್ತಿದ್ದಾಗ ರೇಣುಕಾ ಬಂದಳು. ಅವಳ ಉಡಿಯ ತುಂಬ ಮುಳಗಾಯಿ, ಎಳೆಯ ಬದನೆಕಾಯಿಗಳು.

"ನಮ್ಮ ಹೊಲದವು. ಒಬ್ಬಾಕಿ ಶೇಂಗಾ ಹಿಂಡಿ ಡಬ್ಬಿ ತಂದಾಳ, ಅದು ತೊಯ್ದಿಲ್ಲ. ನಿಮ್ಮ ಎಣ್ಣಿ ಹಾಕ್ರಿ, ಕೂಡೇ ಮಾಡೋಣು."

ಎರಡು ಒಲೆಗಳನ್ನು ಒಂದು ಮಾಡಿದೆವು. ಶಕೀಲಾ ಎಣ್ಣೆಯ ಬಾಟಲಿಯನ್ನು ಯಾರ ಕೈಗೂ ಕೊಡದೆ ತಾನೇ ಸುರಿದಳು, ಆದರೆ ಧಾರಾಳವಾಗಿ ಸುರಿದಳು. ಶೇಂಗಾ ಚಟ್ನಿಪುಡಿ ಬೆರೆಸಿದ ಮುಳಗಾಯಿಯ ಪಲ್ಯಕ್ಕೆ ಅವರು ಬೆಳಗ್ಗೆ ಅಂಗಡಿಯಿಂದ ಕೊಂಡುತಂದ ಉಪ್ಪು ಹೆಚ್ಚಾಗಿ, ಎಲ್ಲರೂ ತಂಬಿಗೆಗಟ್ಟಲೆ ನೀರು ಕುಡಿದು ಮೈದಾನಕ್ಕೆ ಇಳಿದೆವು.

ಆಟ ಬಿಗಿಯಾಗಿಯೇ ನಡೆಯಿತು. ಕೊನೆಯಲ್ಲಿ ನಾನು ಓಡುತ್ತಿದ್ದೆ. ಇನ್ನು ಸ್ವಲ್ಪ ಹೊತ್ತು ಸಿಗದೆ ಉಳಿದಿದ್ದರೆ ಗೆಲುವು ನಮ್ಮದು. ಹೊಟ್ಟೆಯಲ್ಲಿ ನೀರು ಕುಲುಕುತ್ತಿತ್ತು. ಕಂಬ ಸುತ್ತಿ ತಿರುಗಿದೆ. ಕಂಬದ ಆಚೆಯಿಂದ ಆ ಉದ್ದನೆಯ ಕೈ ಬಂದು ಬೆನ್ನಿಗೆ ತಾಗಿತು. ಸೀಟಿ ಊದಿದರು. ಇಬ್ಬರೂ ಮಣ್ಣಿನಲ್ಲಿ ಬಿದ್ದಿದ್ದೆವು. ನಾನು ಅಳುತ್ತಿದ್ದೆ. ರೇಣುಕಾ ತನ್ನ ಲಂಗದ ಅಂಚಿನಿಂದ ನನ್ನ ಮುಖ ಒರೆಸಿ, ಮೆಲ್ಲಗೆ, "ಖಾರಾ ಚಲೋ ಇತ್ತು ನೋಡು" ಎಂದಳು. ಅಳುತ್ತಿದ್ದವಳಿಗೆ ನಗು ಬಂತು.

ಬಸ್ಸಿನಲ್ಲಿ ಎಲ್ಲರೂ ಮುಖ ಇಳಿಸಿಕೊಂಡು ಕುಳಿತಿದ್ದೆವು. ಶಿರಹಟ್ಟಿ ಹತ್ತಿರ ಬಂದಾಗ ಶಕೀಲಾ ತಟ್ಟನೆ ಹೇಳಿದಳು: "ಹೇಳಿದ್ದಿಲ್ಲೇನು ಕೊಡಬ್ಯಾಡಂತ? ನಮ್ಮ ಖಾರಾ ತಿಂದು ನಮ್ಮನ್ನ ಮುಟ್ಟಿದ್ಲು!" ಮೊದಲು ಅಕ್ಕೋರು ನಕ್ಕರು, ಆಮೇಲೆ ಇಡೀ ಬಸ್ಸು.

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಸೋತೆವು ಎಂದೆ. ಒಂದು ಗಂಟು ಬೇರೆಯವರಿಗೆ ಕೊಟ್ಟೆ ಎಂದೂ ಹೇಳಿದೆ.

"ಅವರು ಎಷ್ಟು ಮಂದಿ ಇದ್ರು?"

"ಹದಿನಾಲ್ಕು ಬೇ."

ಅವ್ವ ಅಂಗೈ ಮುಂದೆ ಮಾಡಿ ಗುಳಿ ನೋಡಿಕೊಂಡು ವಿಚಾರ ಮಾಡಿದಳು. "ಹಂಗಾರ ಉಪ್ಪು ಒಂಚೂರು ಕಮ್ಮಿ ಬಿದ್ದಿರಬೇಕು. ಪಾಪ, ಏನ್ ಅಂದ್ಕೊಂಡ್ರೋ" ಎಂದು ಪೇಚಾಡಿಕೊಂಡಳು. ಸೋತ ಮಾತು ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಅವ್ವ ಹೋಗಿ ಕೆಲವು ವರ್ಷಗಳಾದವು. ರೇಣುಕಾ ಮತ್ತೆಂದೂ ಸಿಗಲಿಲ್ಲ. ನಾನು ಈಗ ಗದಗಿನ ಹತ್ತಿರದ ಒಂದು ಶಾಲೆಯಲ್ಲಿ ಆಟ ಕಲಿಸುತ್ತೇನೆ, ಪ್ರತಿ ವರ್ಷ ಹುಡುಗಿಯರನ್ನು ಕರೆದುಕೊಂಡು ಹೋಗುತ್ತೇನೆ. ಈಗ ಹೋದಲ್ಲೆಲ್ಲ ಬಿಸಿ ಊಟ ಸಿಗುತ್ತದೆ, ತಂಡಕ್ಕೊಂದು ಸಾಲು, ಕೂಪನ್ನು ಕೊಟ್ಟರೆ ತಟ್ಟೆ. ಯಾವ ಹುಡುಗಿಯೂ ಹಸಿ ಕಟ್ಟಿಗೆ ಊದಬೇಕಾಗಿಲ್ಲ. ಅದು ಒಳ್ಳೆಯದೇ, ನಾನು ದೂರುವುದಿಲ್ಲ. ನಮ್ಮ ಹುಡುಗಿಯರು ಬೇಗ ಉಂಡು ತಮ್ಮ ಕೋಣೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಹೋದ ವರ್ಷ ನಾವು ಫೈನಲಿನಲ್ಲಿ ಸೋತೆವು. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಸಪ್ಪಗಿದ್ದರು. ಮಾತಿಗೆ ಎಳೆಯೋಣವೆಂದು ನಮ್ಮ ಕ್ಯಾಪ್ಟನ್ ಹುಡುಗಿಯನ್ನು ಕೇಳಿದೆ.

"ಕಡೀಗೆ ನಿನ್ನ ಮುಟ್ಟಿದ್ಲಲ್ಲ, ಆ ಹುಡುಗಿ ಹೆಸರೇನು?"

ಅವಳು ಪಕ್ಕದವಳ ಮುಖ ನೋಡಿದಳು. ಪಕ್ಕದವಳು ಹಿಂದಿನವಳ ಮುಖ ನೋಡಿದಳು. ಎರಡೂ ತಂಡದವರು ಎರಡು ದಿನ ಒಂದೇ ಕಟ್ಟಡದಲ್ಲಿದ್ದು, ಒಂದೇ ನಲ್ಲಿಯಲ್ಲಿ ಕೈ ತೊಳೆದವರು.

"ಹೆಸರು ಗೊತ್ತಿಲ್ರಿ ಮೇಡಂ," ಎಂದಳು. "ಅಂಗಿ ಮ್ಯಾಲೆ ಏಳನೇ ನಂಬರ್ ಇತ್ರಿ."