ಅಟ್ಟದ ಮೇಲಿನ ಕಾಯಿ

ಮರುಳಯ್ಯನವರ ಕೈಲಿ ಒಂದು ಸಹಿ ಹಾಕಿಸಿಕೊಳ್ಳುವುದೆಂದರೆ ಅರ್ಧ ದಿನದ ಕೆಲಸ. ಕಾಗದ ಕೊಟ್ಟರೆ ಮೊದಲು ಕನ್ನಡಕ ಒರೆಸುವರು. ಆಮೇಲೆ ಸಾಲಿನ ಕೆಳಗೆ ಬೆರಳಿಟ್ಟು, ಪಕ್ಕದ ಮನೆಗೂ ಕೇಳುವ ಹಾಗೆ ಓದುವರು. ಮದುವೆಯ ಕರೆಯೋಲೆಯನ್ನೂ ಕೊನೆಯಲ್ಲಿರುವ ಪ್ರೆಸ್ಸಿನ ಹೆಸರಿನವರೆಗೆ ಓದಿಯೇ ಮಡಿಸುತ್ತಿದ್ದ ಮನುಷ್ಯ. ಬೇಗ ಸಹಿ ಹಾಕಿ ಎಂದು ಅವಸರಪಡಿಸಿದರೆ, "ಓದ್ದೆ ಸೈನ್ ಹಾಕಕ್ಕೆ ನಾನೇನು ಕುಡ್ದಿದ್ದೀನೇನಪ್ಪ?" ಎನ್ನುತ್ತಿದ್ದರು. ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು.

ಹೊನ್ನವಳ್ಳಿ ಕಡೆಯ ನಮ್ಮೂರಿನಲ್ಲಿ ಒಂದು ಸಂಜೆ ಶಾಲೆ ಇದೆ. ಎಸ್ಸೆಸ್ಸೆಲ್ಸಿ ಫೇಲಾಗಿ ಮನೆ ಸೇರಿದ ಹೆಂಗಸರು ಅಲ್ಲಿ ಓದಿ ಮತ್ತೆ ಪರೀಕ್ಷೆ ಕಟ್ಟುತ್ತಾರೆ. ನಾನು ಅದರ ಕಾರ್ಯದರ್ಶಿ. ಸಹಕಾರ ಸಂಘದಲ್ಲಿ ಗುಮಾಸ್ತರಾಗಿ ನಿವೃತ್ತರಾದ ಮರುಳಯ್ಯನವರು ಖಜಾಂಚಿ. ನಮಗೆ ಸ್ವಂತ ನೋಂದಣಿ ಇರಲಿಲ್ಲ. ಬೆಂಗಳೂರಿನ ಒಂದು ಸಂಸ್ಥೆ ನಮ್ಮನ್ನು ತನ್ನ ಹೆಸರಿನ ಕೆಳಗೆ ಸೇರಿಸಿಕೊಂಡು ಕಂತಿನಲ್ಲಿ ಹಣ ಕಳಿಸುತ್ತಿತ್ತು. ಶಾಲೆಗೆ ಬೇರೆ ಯಾರು ಏನೇ ಕೊಟ್ಟರೂ ಅದು ಸಂಸ್ಥೆಯ ಲೆಕ್ಕಕ್ಕೆ ಸೇರಬೇಕು ಎನ್ನುವುದು ಕರಾರು.

ನಮ್ಮೂರಿನವರು ದುಡ್ಡು ಕೊಡುವುದಿಲ್ಲ, ಮರ ಕೊಡುತ್ತಾರೆ. ತೋಟದಲ್ಲಿ ಒಂದು ತೆಂಗಿನ ಮರ ತೋರಿಸಿ "ಇದು ಶಾಲೇದು" ಎಂದರೆ ಮುಗಿಯಿತು. ಆ ಮರದಿಂದ ಕೆಡವಿದ ಕಾಯೆಲ್ಲ ಶಾಲೆಯ ಅಟ್ಟಕ್ಕೆ ಬರುತ್ತಿತ್ತು. ಅಲ್ಲಿ ಹತ್ತು ಹನ್ನೊಂದು ತಿಂಗಳು ಬಿದ್ದಿದ್ದು, ಒಳಗಿನ ನೀರು ಇಂಗಿ ಕೊಬ್ಬರಿಯಾದ ಮೇಲೆ ಸುಲಿದು ತಿಪಟೂರಿಗೆ ಒಯ್ಯುವುದು. ಮಾರುವವರೆಗೆ ಅದನ್ನು ಆದಾಯ ಎಂದು ನಮ್ಮ ಕಡೆ ಯಾರೂ ಲೆಕ್ಕ ಹಿಡಿಯುವುದಿಲ್ಲ.

ಮರುಳಯ್ಯನವರು ಹಿಡಿಯುತ್ತಿದ್ದರು. ಹೊನ್ನಮ್ಮಜ್ಜಿ ತನ್ನ ಮರದ ಕಾಯಿ ಕಳಿಸಿದ ದಿನ, ಅವರು ಬಿಸಿಲಲ್ಲಿ ಕೂತು ಒಂದೊಂದಾಗಿ ಎಣಿಸಿ, ಆಕೆಯ ಮನೆಗೇ ಹೋಗಿ ರಸೀದಿ ಕೊಟ್ಟರು. ಅಜ್ಜಿ ನಕ್ಕಳು.

"ಈ ಚೀಟಿ ತಗಂಡು ಏನ್ ಮಾಡ್ಲಿ ಮರುಳಯ್ಯ, ಒಲೆಗೆ ಹಾಕ್ಲಾ?"

"ಇಟ್ಕಳವ್ವ. ನಾಳೆ ಯಾರಾರ ಕೇಳುದ್ರೆ ತೋರ್ಸು."

ಆ ವರ್ಷದ ಮಾರ್ಚಿ ಕೊನೆಯಲ್ಲಿ ಸಂಸ್ಥೆಯಿಂದ ಒಂದು ಘೋಷಣಾ ಪತ್ರ ಬಂತು. "ಸಂಸ್ಥೆ ಕೊಟ್ಟದ್ದನ್ನು ಬಿಟ್ಟು ಯೋಜನೆಗೆ ಬೇರೆ ದೇಣಿಗೆಯಾಗಲಿ ದಾಸ್ತಾನಾಗಲಿ ಇರುವುದಿಲ್ಲ" ಎಂದು ಅದರಲ್ಲಿ ಅಚ್ಚಾಗಿತ್ತು. ಕಾರ್ಯದರ್ಶಿ, ಖಜಾಂಚಿ ಇಬ್ಬರೂ ಸಹಿ ಹಾಕಬೇಕು. ಮರುಳಯ್ಯನವರು ಗಟ್ಟಿಯಾಗಿ ಓದಿ, ಬೆರಳನ್ನು ಅಲ್ಲೇ ನಿಲ್ಲಿಸಿದರು.

"ಅಟ್ಟದ ಮೇಲೆ ಕಾಯಿ ಐತಲ್ಲಪ್ಪ ಲೋಕೇಶ."

"ಅದು ಬರೀ ಕಾಯಿ ಮರುಳಣ್ಣ, ಕೊಬ್ಬರಿ ಆಗ್ಲಿ, ನೋಡಾನ. ಈಗ ಬರುದ್ರೆ ನೂರು ಪ್ರಶ್ನೆ ಕೇಳ್ತಾರೆ, ದುಡ್ಡು ನಿಲ್ಸ್‌ತಾರೆ."

"ಕೇಳ್ಲಿ. ಉತ್ತರ ಐತಲ್ಲ ನಮ್ಮತ್ರ."

ಕಾಯಿ ಎಷ್ಟಿದೆ, ಯಾರು ಕೊಟ್ಟದ್ದು ಎಂದು ಹಾಳೆಯ ಕೆಳಗೆ ತಮ್ಮ ಗುಂಡು ಅಕ್ಷರದಲ್ಲಿ ಬರೆದೇ ಸಹಿ ಹಾಕಿದರು. ನಾನು ಮನೆಗೆ ಬಂದು ಆ ಹಾಳೆ ಹರಿದೆ. ಅದರದೇ ಇನ್ನೊಂದು ಖಾಲಿ ಪ್ರತಿ ತೆಗೆದು, ಖಜಾಂಚಿ ಊರಲ್ಲಿಲ್ಲ ಎಂದು ಬರೆದು, ಒಬ್ಬನೇ ಸಹಿ ಹಾಕಿ ಕಳಿಸಿದೆ. ಶಾಲೆ ಉಳಿಸಲು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಪ್ರಶ್ನೆಗಳಿಗೆ ಉತ್ತರ ಬರೆಯುವ ಸೋಮಾರಿತನ.

ಕೆಲವು ತಿಂಗಳ ಮೇಲೆ ಸಂಸ್ಥೆಯ ಆಡಿಟರ್ ಮೇಡಂ ಶಾಲೆ ನೋಡಲು ಬಂದರು. ಊರಿಗೆ ದೊಡ್ಡವರು ಬಂದಿದ್ದಾರೆಂದು ಹೊನ್ನಮ್ಮಜ್ಜಿ ಸಂಭ್ರಮದಿಂದ ಬಂದು, ಸೆರಗಿನ ಗಂಟಿನಿಂದ ರಸೀದಿ ತೆಗೆದು, "ನಂದೂ ಒಂದು ಮರ ಐತೆ ಕಣವ್ವ" ಎಂದಳು. ಮೇಡಂ ರಸೀದಿ ನೋಡಿದರು, ನನ್ನನ್ನು ನೋಡಿದರು, ಏಣಿ ಹತ್ತಿ ಅಟ್ಟ ನೋಡಿದರು. ಒಂದು ವಾರದಲ್ಲಿ ವಿವರಣೆ ಬೇಕು, ಇಲ್ಲದಿದ್ದರೆ ಕಂತು ಬಂದ್ ಎಂದು ಹೇಳಿ ಹೋದರು.

ನಾನು ವಿವರಣೆ ಬರೆದೆ. "ಕಾಯಿಯ ವಿಷಯವನ್ನು ಖಜಾಂಚಿಯವರು ಸಮಿತಿಯ ಗಮನಕ್ಕೆ ತಂದಿರುವುದಿಲ್ಲ. ಅವರನ್ನು ಸ್ಥಾನದಿಂದ ಬಿಡುಗಡೆ ಮಾಡಲಾಗಿದೆ." ಎರಡೇ ಸಾಲು. ಶಾಲೆಯ ಸಮಿತಿಯವರು ಓದದೆ ಸಹಿ ಹಾಕಿದರು. ಸಂಸ್ಥೆ ಒಪ್ಪಿತು, ಕಂತು ಬಂತು, ಶಾಲೆ ಉಳಿಯಿತು. ರಸೀದಿಯ ಮೇಲಿದ್ದದ್ದು ಮರುಳಯ್ಯನವರ ಅಕ್ಷರ. ಹೋಟೆಲಿನಲ್ಲಿ ಕೂತ ಜನಕ್ಕೆ ಅಷ್ಟು ಸಾಕಾಯಿತು. "ಚೀಟಿ ಕೊಟ್ಟು ಕಾಯಿ ಮಾರ್ಕಂಡವ್ನಂತೆ ಕಣ್ಲಾ" ಎಂದು ಒಬ್ಬ ಹೇಳಿದಾಗ ನಾನು ಪಕ್ಕದ ಬೆಂಚಿನಲ್ಲಿ ಟೀ ಕುಡಿಯುತ್ತಿದ್ದೆ. ಲೋಟ ಕೆಳಗಿಡಲಿಲ್ಲ.

ಆಮೇಲೆ ಮರುಳಯ್ಯನವರು ಹೋಟೆಲಿಗೆ ಬರುವುದನ್ನು ಬಿಟ್ಟರು. ಒಂದು ಮಧ್ಯಾಹ್ನ ಹೇಳಿ ಕಳಿಸಿದರು. ಹೋದೆ. ಜಗಲಿಯ ಮೇಲೆ ಕೂತಿದ್ದರು. ನಾನು ಬರೆದ ವಿವರಣೆಯ ನಕಲನ್ನು ಸಂಸ್ಥೆಗೆ ಬರೆದು ತರಿಸಿಕೊಂಡಿದ್ದರು. ಅಲ್ಪವಿರಾಮವನ್ನೂ ಬಿಡದೆ ನನ್ನೆದುರಿಗೇ ಗಟ್ಟಿಯಾಗಿ ಓದಿದರು.

"ಅಕ್ಷರ ತಪ್ಪಿಲ್ಲ ಕಣಪ್ಪ. ಸುಳ್ಳು ಮಾತ್ರ."

ನಾನು ಶಾಲೆಯ ಮಾತೆತ್ತಿದೆ, ಆ ಹೆಂಗಸರ ಮಾತೆತ್ತಿದೆ. ಅವರು ಕೈ ಎತ್ತಿ ತಡೆದರು.

"ಶಾಲೆ ನಡೀಲಿ. ನಾನು ನಿನ್ನ ಬೈಯಕ್ಕೆ ಕರೀಲಿಲ್ಲ. ಕಾಯಿ ವಿಷ್ಯ ನಾನು ಹೇಳಿದ್ದೆ ಅಂತ ಸಂಸ್ಥೆಯವ್ರಿಗೆ ಒಂದು ಕಾಗ್ದ ಬರಿ. ಊರವ್ರು ಏನಾರ ಅಂದ್ಕಳ್ಳಿ, ಬುಡು. ಕಾಗ್ದದಾಗೆ ನಾನು ಕಳ್ಳ ಆಗಿರಬಾರ್ದು."

"ಬರೀತೀನಿ ಮರುಳಣ್ಣ. ಮುಂದಿನ ಕಂತು ಒಂದು ಬಂದ್ಬುಡ್ಲಿ" ಎಂದೆ.

ಅವರು ಕನ್ನಡಕ ತೆಗೆದು ಮಡಿಸಿಟ್ಟರು.

ಆ ಕಂತು ಬಂತು. ಅದರ ಮುಂದಿನದೂ ಬಂತು. ಮೂರನೆಯದು ಬರುವ ಮೊದಲು ಮರುಳಯ್ಯನವರು ತೀರಿಕೊಂಡರು. ಸಂಜೆ ಶಾಲೆಗೆ ರಜೆ ಕೊಟ್ಟೆವು. ಸಂತಾಪ ಸೂಚಕ ನಿರ್ಣಯವನ್ನು ನಾನೇ ಬರೆದೆ. "ಪ್ರಾಮಾಣಿಕತೆಗೆ ಹೆಸರಾದವರು" ಎಂದೆಲ್ಲ ಅದರಲ್ಲಿದೆ. ಅದನ್ನು ನಮ್ಮ ಪುಸ್ತಕದಲ್ಲೇ ಇಟ್ಟುಕೊಂಡೆವು, ಬೆಂಗಳೂರಿಗೆ ಕಳಿಸಲಿಲ್ಲ. ಸಂಸ್ಥೆಯ ಕಡತದಲ್ಲಿ ಅವರು ಇವತ್ತಿಗೂ ಲೆಕ್ಕ ಮುಚ್ಚಿಟ್ಟ ಖಜಾಂಚಿ. ಆ ಕಾಗದವನ್ನು ನಾನಿನ್ನೂ ಬರೆದಿಲ್ಲ. ಈ ವರ್ಷದ ಕಂತು ಬರಬೇಕಾಗಿದೆ.