ಉರ್ಪೊನ ರಾತ್ರಿ ಬಸ್ಸು

ಉರ್ಪೊ ಹಾಪಲಾ ಉತ್ತರದ ಚಳಿದೇಶದ ತಾಂಪೆರೆ ನಗರದಲ್ಲಿ ಇಪ್ಪತ್ತೇಳು ವರ್ಷ ರಾತ್ರಿ ಬಸ್ಸು ಓಡಿಸಿದ. ಹಗಲು ಪಾಳಿ ಕೊಡುತ್ತೇವೆಂದರೂ ಬೇಡವೆಂದ. ಹಗಲಿನ ಜನ ಜಗಳಗಂಟರು, ರಾತ್ರಿಯವರು ಸುಸ್ತಾಗಿರುತ್ತಾರೆ, ಸುಸ್ತಾದವರ ಜೊತೆ ಏಗುವುದು ಸುಲಭ ಎಂದು ಅವನ ಅಭಿಪ್ರಾಯ. ಅವನ ಬಸ್ಸಿಗೆ ಖಾಯಂ ಹತ್ತುತ್ತಿದ್ದವರು ಒಂಬತ್ತೇ ಮಂದಿ. ಅವರಲ್ಲಿ ಬೇಕರಿ ಕೆಲಸದ ಹೆಂಗಸೊಬ್ಬಳು ಕೂತ ಕೂಡಲೇ ನಿದ್ದೆ ಹೋಗುತ್ತಿದ್ದಳು. ಅವಳೊಬ್ಬಳನ್ನೇ ಎಬ್ಬಿಸಿದರೆ ನಾಚಿಕೊಂಡಾಳೆಂದು ಉರ್ಪೊ ದಾರಿಯುದ್ದಕ್ಕೂ ಪ್ರತಿ ನಿಲ್ದಾಣದ ಹೆಸರನ್ನೂ ಗಟ್ಟಿಯಾಗಿ ಕೂಗುತ್ತಿದ್ದ. ಒಂಬತ್ತು ಜನಕ್ಕೊಂದು ಬಸ್ಸೇ ಎಂದು ಮೇಲಿನವರು ಒಂದು ದಿನ ಅದನ್ನು ನಿಲ್ಲಿಸಿಬಿಟ್ಟರು. ಉರ್ಪೊ ಎದುರು ಮಾತಾಡದೆ ಬೀಗದ ಕೈ ಒಪ್ಪಿಸಿ ನಿವೃತ್ತನಾಗಿ ಮನೆಗೆ ಬಂದ. ಆಗ ಮಾತಾಡದೆ ಇದ್ದದ್ದು ಅವನನ್ನು ಇವತ್ತಿಗೂ ಕೊರೆಯುತ್ತದೆ.

ಈಗ ಅವನಿಗಿರುವುದು ಬುಧವಾರ ಮಧ್ಯಾಹ್ನದ ಕೂಟ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮೂವರು ಸೇರಿ ಒಂದೇ ಕಂಪ್ಯೂಟರಿನಲ್ಲಿ ನಗರ ಕಟ್ಟುವ ಆಟ ಆಡುತ್ತಾರೆ. ಉರ್ಪೊ ಒಬ್ಬ, ಮೂವತ್ತು ವರ್ಷ ತೆರಿಗೆ ಕಚೇರಿಯಲ್ಲಿ ಊರವರ ಬೆವರಿಳಿಸಿದ ಸಿರ್ಕಾ ಒಬ್ಬಳು, ಮುದಿ ಬಡಗಿ ಓಯಿವಾ ಒಬ್ಬ. ಓಯಿವಾನ ಕಣ್ಣು ಸೋಲುತ್ತಿದೆ, ಆ ಮಾತನ್ನು ಮಾತ್ರ ಯಾರೂ ಎತ್ತುವಂತಿಲ್ಲ. ಅವರ ನಗರದ ಹೆಸರು ಪಿಕ್ಕುಲಾ. ಒಬ್ಬೊಬ್ಬರಿಗೆ ಒಂದೊಂದು ಗಂಟೆಯ ಆಡಳಿತ. ಏನು ಬದಲಾಯಿಸಿದರೂ ನೀಲಿ ನೋಟುಪುಸ್ತಕದಲ್ಲಿ ಬರೆಯಬೇಕು. ಇನ್ನೊಬ್ಬರು ಬರೆದದ್ದನ್ನು ಮತ ಹಾಕದೆ ಮುಟ್ಟಬಾರದು.

ಆಟದಲ್ಲಿ ನೀರು, ಅಗ್ನಿಶಾಮಕ, ಬಸ್ಸು, ಎಲ್ಲ ಸೇವೆಗೂ ಎರಡು ಪಾಲು ಹಣ. ಸೂರ್ಯನ ಚಿತ್ರದ ಪಕ್ಕ ಹಗಲಿನದು, ಚಂದ್ರನ ಪಕ್ಕ ರಾತ್ರಿಯದು. ಜಾಣರೆಲ್ಲ ಬಸ್ಸಿನ ರಾತ್ರಿ ಪಾಲನ್ನು ಅರ್ಧಕ್ಕೆ ಇಳಿಸಿ ಹಣ ಉಳಿಸುತ್ತಾರೆ. ಉರ್ಪೊ ಮೂರು ವರ್ಷದಿಂದ ಅದನ್ನು ನೂರಕ್ಕೆ ನೂರು ಇಟ್ಟಿದ್ದ. ಸಿರ್ಕಾಗೆ ಈಜುಕೊಳ ಕಟ್ಟಬೇಕಿತ್ತು. ಪ್ರತಿ ತಿಂಗಳೂ ಮತಕ್ಕೆ ಹಾಕುತ್ತಿದ್ದಳು, ಪ್ರತಿ ತಿಂಗಳೂ ಓಯಿವಾ ಉರ್ಪೊನ ಪರ ಕೈ ಎತ್ತುತ್ತಿದ್ದ.

ಡಿಸೆಂಬರಿನ ಒಂದು ಬುಧವಾರ ಸಿರ್ಕಾಳ ತಾಳ್ಮೆ ತೀರಿತು.

"ಅಲ್ವೋ ಉರ್ಪೊ, ನಿನ್ನ ಬಸ್ಸಲ್ಲಿ ರಾತ್ರಿ ಹೊತ್ತು ದೆವ್ವಗಳು ಓಡಾಡ್ತಾವೇನೋ? ನೀನು ಯಾವಾಗ್ಲೂ ಹೇಳೋ ಆ ಒಂಬತ್ತು ಜನಾನ ತೋರಿಸು. ನಾನಿನ್ನು ಬಾಯಿ ಬಿಡಲ್ಲ."

"ತೋರಿಸ್ದೆ ಇದ್ರೆ?"

"ಅರ್ಧ ಪಾಲು. ನಂಗೆ ಈಜುಕೊಳ."

ಉರ್ಪೊ ಒಪ್ಪಿಕೊಂಡ. ಸೋತರೆ ಅವನ ಬಸ್ಸು ಎರಡನೇ ಸಲ ನಿಲ್ಲುತ್ತಿತ್ತು. ಮೂವರೂ ಪರದೆಯ ಮುಂದೆ ರಾತ್ರಿಗಾಗಿ ಕಾಯುತ್ತ ಕೂತರು. ಆಟದ ಗಡಿಯಾರ ಹತ್ತು ಹೊಡೆಯಿತು, ಹನ್ನೆರಡಾಯಿತು, ಎರಡಾಯಿತು. ಪಿಕ್ಕುಲಾದಲ್ಲಿ ಬಿಸಿಲು ಹಾಗೇ ಇತ್ತು. ಇತ್ತ ಗ್ರಂಥಾಲಯದ ಕಿಟಕಿಯಾಚೆ ಮೂರೂವರೆಗೇ ಕತ್ತಲಾಗಿತ್ತು.

"ಇದೇನಿದು, ಒಳಗಡೆ ಜೂನ್ ತಿಂಗಳಾ?" ಎಂದಳು ಸಿರ್ಕಾ. ಜೂನಿನಲ್ಲಿ ಆ ಊರಿಗೆ ಸರಿಯಾದ ರಾತ್ರಿಯೇ ಇರುವುದಿಲ್ಲ.

ಓಯಿವಾ ತಿನ್ನುತ್ತಿದ್ದ ಏಲಕ್ಕಿ ಬನ್ನನ್ನು ಕೆಳಗಿಟ್ಟ. "ನಾನೇ ಕಣ್ರೋ ರಾತ್ರೀನ ನಿಲ್ಲಿಸಿದ್ದು. ರಾತ್ರಿ ಬೇಡ ಅಂತ ಒಂದು ಗುಂಡಿ ಇದೆ. ಕತ್ತಲಾದ್ರೆ ರಸ್ತೆ ಕಾಣ್ತಿರ್ಲಿಲ್ಲ ನಂಗೆ."

"ಯಾವಾಗ?"

"ಮೂರು ವರ್ಷ ಆಯ್ತು. ಪುಸ್ತಕದಲ್ಲಿ ಬರೆಯೋಕೆ ನಾಚ್ಕೆ ಆಯ್ತು."

ರಾತ್ರಿಯನ್ನು ನಿಲ್ಲಿಸಿಬಿಟ್ಟರೆ ಆಟ ಹಗಲಿನ ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಚಂದ್ರನ ಪಕ್ಕ ಬರೆದ ನೂರು ಬರೀ ಬರೆದದ್ದು. ಉರ್ಪೊನ ರಾತ್ರಿ ಬಸ್ಸು ಮೂರು ವರ್ಷದಲ್ಲಿ ಒಂದು ಸಲವೂ ಹೊರಟಿರಲಿಲ್ಲ. ಅವನು ತನ್ನ ಗಂಟೆಯನ್ನೆಲ್ಲ ಬಸ್ ದಾರಿಗಳ ನಕ್ಷೆಯ ಮೇಲೆ ಕಳೆಯುತ್ತಿದ್ದ, ಆ ನಕ್ಷೆಯಲ್ಲಿ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಸಿರ್ಕಾ ಅಂಕಿಗಳ ಪುಟ ಬಿಟ್ಟು ಅಲ್ಲಾಡುತ್ತಿರಲಿಲ್ಲ; ಅಲ್ಲೂ ಮಂಜೂರಾದದ್ದನ್ನು ನೋಡಿದಳೇ ಹೊರತು ಖರ್ಚಾದದ್ದನ್ನು ನೋಡಲಿಲ್ಲ. ಅವಳ ಮುಖ ಕೆಂಪಾಯಿತು. ಆ ನಗರದ ಬೀದಿಗಳನ್ನು ನೋಡುತ್ತಿದ್ದವನು ಕಣ್ಣು ಸರಿಯಾಗಿ ಕಾಣದ ಓಯಿವಾ ಒಬ್ಬನೇ.

"ಮತ್ತೆ ಪ್ರತಿ ತಿಂಗಳೂ ನನ್ನ ಪರ ಕೈ ಎತ್ತಿದ್ಯಲ್ಲೋ?" ಎಂದ ಉರ್ಪೊ.

"ಖರ್ಚೇನೂ ಆಗ್ತಿರ್ಲಿಲ್ವಲ್ಲ ಮಾರಾಯ."

ಉರ್ಪೊನಿಗೆ ನೋವಾಯಿತು. ಬುಧವಾರ ಬುಧವಾರ ಅವನು ತನ್ನ ಬಸ್ಸು ಎಲ್ಲೋ ಓಡುತ್ತಿದೆ ಎಂಬ ನೆಮ್ಮದಿಯಲ್ಲಿ ಮನೆಗೆ ಹೋಗಿದ್ದ. ಅವನು ಆ ಗುಂಡಿಯನ್ನು ಹುಡುಕಿ ಒತ್ತಿದ. ಪಿಕ್ಕುಲಾದಲ್ಲಿ ಕತ್ತಲಾಯಿತು, ದೀಪ ಹತ್ತಿದವು, ಡಿಪೋದಿಂದ ಬಸ್ಸೊಂದು ಹೊರಟಿತು.

ಸಿರ್ಕಾ ಪರದೆಗೆ ಮುಖ ತಾಗಿಸಿ ಒಬ್ಬೊಬ್ಬರನ್ನೇ ಎಣಿಸಿದಳು. "ಐದು," ಎಂದಳು. ಗೆದ್ದವಳ ದನಿ ಅದಾಗಿರಲಿಲ್ಲ. "ಐದೇ ಜನ, ಉರ್ಪೊ."

"ಪಂದ್ಯ ನಾನು ಸೋತೆ. ಇಳಿಸು," ಎಂದ ಉರ್ಪೊ. "ಆದ್ರೆ ಆ ಐದು ಜನ ನಡ್ಕೊಂಡು ಹೋಗ್ಬೇಕಾಗತ್ತೆ. ಅಷ್ಟು ಬರ್ಕೋ ಪುಸ್ತಕದಲ್ಲಿ." ಹಿಂದೆ ಮೇಲಿನವರ ಮುಂದೆ ಹೇಳದೆ ನುಂಗಿದ್ದ ಮಾತು ಅದು.

ಸಿರ್ಕಾ ಪೆನ್ನು ಹಿಡಿದಳು, ಬರೆಯಲಿಲ್ಲ.

"ಪಂದ್ಯ ನಿಮ್ಮಿಬ್ಬರದು," ಎಂದ ಓಯಿವಾ. "ಮತ ಇಲ್ದೆ ಯಾವ್ದನ್ನೂ ಮುಟ್ಟೋ ಹಾಗಿಲ್ಲ. ನನ್ನ ಮತ ನೂರಕ್ಕೆ. ಈ ಸಲ ಖರ್ಚಾಗತ್ತೆ, ಗೊತ್ತಿದ್ದೇ ಹೇಳ್ತಿದೀನಿ." ಅಷ್ಟು ಹೇಳಿ, ಮನೆಗೆ ಹೊರಡಲು ಗೋಡೆಯ ಮೇಲಿನ ಕೋಟನ್ನು ತಡಕಾಡಿದ. ಮುಂದಿನ ಗಂಟೆ ಅವನದು, ಪರದೆಯಲ್ಲಿ ಅವನಿಗೆ ಕಾಣುತ್ತಿದ್ದದ್ದು ಬರೀ ಕಪ್ಪು.

ಸಿರ್ಕಾ ಪುಸ್ತಕದಲ್ಲಿ 'ರಾತ್ರಿ ಬಸ್ಸು, ನೂರು' ಎಂದು ಬರೆದು ಸಹಿ ಹಾಕಿದಳು.

"ಎಲ್ಲಿಗೋ ಹೊರಟೆ? ಕೂತ್ಕೋ," ಎಂದು ಉರ್ಪೊ ಓಯಿವಾನ ತೋಳು ಹಿಡಿದು ಕುರ್ಚಿಗೆ ತಂದ. ಅವನ ಕೈಯನ್ನು ಮೌಸಿನ ಮೇಲಿಟ್ಟು, ತಾನು ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಆಮೇಲೆ ಗ್ರಂಥಾಲಯದವರು ಬಾಗಿಲಲ್ಲಿ ಇಣುಕಿ ನೋಡುವಷ್ಟು ಗಟ್ಟಿಯಾಗಿ ಕೂಗಿದ:

"ಶಾಲೆ! ಮುಂದಿನದು ಆಸ್ಪತ್ರೆ! ಬಲಕ್ಕೆ ತಿರುಗಿದ್ರೆ ಬೇಕರಿ, ಬೇಕರಿ!"