ಪ್ಲೇನ್‌ಫೀಲ್ಡಿನಿಂದ ಒಯ್ದ ಸಂಕಷ್ಟಿ

ಎರಡು ಸಾವಿರದ ಐದಾರರ ಸುಮಾರಿಗೆ ನಮ್ಮ ಪರಿಚಯದವರಲ್ಲಿ ಅಲಾಸ್ಕಾ ಕ್ರೂಸ್ ಮುಗಿಸಿದವರೆಲ್ಲ ಚೀನಾ ಎನ್ನತೊಡಗಿದ್ದರು. ಮಿಷಿಗನ್ನಿನ ಕ್ಯಾಂಟನ್‌ನಿಂದ ನಾನು, ಹೆಂಡತಿ, ಮಗಳು ಹೊರಟೆವು. ಷಿಕಾಗೋ ಪಕ್ಕದ ಪ್ಲೇನ್‌ಫೀಲ್ಡಿನಿಂದ ಬಾಗಲಕೋಟೆ ಕಡೆಯ ಡಾಕ್ಟರ್ ಅಂಕಲ್, ಆಂಟಿ ಜೊತೆಯಾದರು. ಆಂಟಿಯ ಸೂಟ್‌ಕೇಸಿನಲ್ಲಿ ಅವಲಕ್ಕಿ, ಶೇಂಗಾ ಚಟ್ನಿಪುಡಿ, ಒಂದು ಪುಟ್ಟ ರೈಸ್ ಕುಕ್ಕರ್ ಇದ್ದವು. ಫ್ರಿಜ್ ಬಾಗಿಲಿನಿಂದ ತೆಗೆದು ತಂದ, ಷಿಕಾಗೋ ಕಡೆಯ ದೇವಸ್ಥಾನದ ಕ್ಯಾಲೆಂಡರೂ ಇತ್ತು.

ಉತ್ತರ ಚೀನಾದ ಹಳೆಯ ಕೋಟೆ ಊರೊಂದನ್ನು ನಾವು ಮುಟ್ಟಿದ ದಿನ ಕ್ಯಾಲೆಂಡರಿನ ಪ್ರಕಾರ ಸಂಕಷ್ಟಿ ಚತುರ್ಥಿ. ಚಂದ್ರನನ್ನು ನೋಡುವವರೆಗೆ ಊಟವಿಲ್ಲ. ಮದುವೆಯಾದಾಗಿನಿಂದ ಆಂಟಿ ಒಂದು ಸಂಕಷ್ಟಿಯನ್ನೂ ತಪ್ಪಿಸಿರಲಿಲ್ಲ. ಈಚೆಗೆ ಅವರಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಡಾಕ್ಟರಾದ ಗಂಡ ಜೀವನವಿಡೀ ಊರವರಿಗೆಲ್ಲ ಪಥ್ಯ ಹೇಳಿದ್ದರು. ಈಗ ಮನೆಯವರ ಮುಂದೆ ಆ ವಿದ್ಯೆ ನಡೆಯುತ್ತಿರಲಿಲ್ಲ.

ಸಂಜೆ ಎಂಟಕ್ಕೆಲ್ಲ ಆಂಟಿಯ ಕೈ ನಡುಗುತ್ತಿತ್ತು. ಹಾಲು ಕುಡಿಸಿದೆವು. ಇನ್ನು ಚಂದ್ರ ಬೇಕಿತ್ತು.

ಹೀಗಾಗಿ ನಾವು ಆ ಊರನ್ನು ನೋಡಿದ ರೀತಿ ಬೇರೆ. ಉಳಿದ ಪ್ರವಾಸಿಗಳು ದೀಪ ನೋಡಲು ಬಂದಿದ್ದರು. ನಮಗೆ ದೀಪಗಳೇ ಅಡ್ಡಿ. ಬೀದಿಯ ಎರಡೂ ಬದಿ, ಸೂರಿನಿಂದ ಸೂರಿಗೆ, ಕೆಂಪು ಲಾಂದ್ರಗಳನ್ನು ಒತ್ತೊತ್ತಾಗಿ ತೂಗುಬಿಟ್ಟಿದ್ದರು. ಮೇಲೆ ಆಕಾಶವೆಂಬುದು ಇತ್ತೋ ಇಲ್ಲವೋ. ಗೈಡ್ ಹುಡುಗಿ ಹಳೆಯ ಸಾಹುಕಾರರ ಮನೆ, ಕೆತ್ತನೆಯ ಬಾಗಿಲು, ಕಾವಲು ಗೋಪುರ ತೋರಿಸುತ್ತ ಹೋದಳು. ನಾವು ಒಬ್ಬರಾದ ಮೇಲೊಬ್ಬರು ಪೂರ್ವ ಯಾವ ಕಡೆ ಎಂದು ಕೇಳಿದೆವು. ಕೋಟೆ ಗೋಡೆ ಹತ್ತಿದರೆ ಕಾಣಬಹುದೆಂದು ಹೋದರೆ ಮೆಟ್ಟಿಲಿನ ಬಾಗಿಲಿಗೆ ಬೀಗ. ಆ ಗೋಡೆ ಶತ್ರುಗಳನ್ನು ತಡೆಯಲು ಕಟ್ಟಿದ್ದಂತೆ. ಅಂದು ಅದು ಚಂದ್ರನನ್ನು ತಡೆದು ನಿಂತಿತ್ತು. ಉಳಿದದ್ದನ್ನು ಕಲ್ಲಿದ್ದಲ ಹೊಗೆ ನೋಡಿಕೊಂಡಿತು.

ಡಾಕ್ಟರಿಗೆ ತಾಳ್ಮೆ ಮುಗಿಯಿತು. ಬೀದಿಯ ಕೊನೆಯಲ್ಲಿ, ಎತ್ತರದ ಗೋಪುರದ ಮೇಲೆ ಹಳದಿ ಬೆಳಕಿನ ಗುಂಡೊಂದು ಕಂಡಿತು.

"ಅಕಾ ನೋಡು, ಚಂದ್ರ ಬಂದಾನ. ಕೈ ಮುಗಿ, ಉಣ್ಣು."

ಆಂಟಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ನಿಮ್ಮ ಚಂದ್ರಗ ಕೆಳಗ ಗೊಂಡೆ ಜೋತಾಡಲಿಕ್ಕತ್ತದರೀ."

ಕೊನೆಗೆ ಡಾಕ್ಟರು ಮೊಬೈಲಿನಿಂದ ದೇವಸ್ಥಾನಕ್ಕೇ ಫೋನ್ ಹಚ್ಚಿದರು. ಅಲ್ಲಿ ಬೆಳಿಗ್ಗೆ. ಅಭಿಷೇಕ ಮುಗಿಸಿಕೊಂಡಿದ್ದ ಅರ್ಚಕರು ಮೈಸೂರು ಕಡೆಯವರು. ಪರದೇಶ, ಹೊಗೆ, ಕಾಯಿಲೆ, ಇಂಥ ಹೊತ್ತಿನಲ್ಲಿ ದರ್ಶನವಿಲ್ಲದೆ ಊಟ ಮಾಡಬಹುದೆಂದು ಅವರ ಬಾಯಿಂದ ಹೇಳಿಸುವುದು ಡಾಕ್ಟರ ಯೋಜನೆ. ಅದಕ್ಕೇ ಸ್ಪೀಕರ್ ಹಾಕಿದ್ದರು. ಅರ್ಚಕರು ಎಲ್ಲ ಕೇಳಿಸಿಕೊಂಡು, ನೀವಿರುವುದು ಎಲ್ಲಿ ಎಂದು ಎರಡು ಸಲ ವಿಚಾರಿಸಿ, ಪಂಚಾಂಗ ತಿರುವಿದರು.

"ಅಮ್ಮಾ, ಆ ಕ್ಯಾಲೆಂಡರ್ ಇಲ್ಲಿನ ಚಂದ್ರೋದಯಕ್ಕೆ ಮಾಡಿರೋದು. ನೀವಿರೋ ಕಡೆ ಇವತ್ತು ಇನ್ನೂ ತದಿಗೆ. ನಿಮಗೆ ಸಂಕಷ್ಟಿ ನಾಳೆ. ಇವತ್ತು ಧಾರಾಳವಾಗಿ ಊಟ ಮಾಡಿ."

ನನ್ನ ಮಗಳು, "ಸೋ ಕ್ಯಾನ್ ಶಿ ಈಟ್ ನೌ?" ಎಂದಳು.

"ಅಲ್ರೀ ಗುರುಗಳ," ಡಾಕ್ಟರು ಫೋನಿಗೆ ಬಾಯಿ ಹತ್ತಿರ ತಂದರು, "ಇವತ್ತಿನ ಉಪಾಸ ನಾಳಿಗೆ ಅಡ್ಜಸ್ಟ್ ಮಾಡ್ಲಿಕ್ಕೆ ಬರೂದಿಲ್ಲೇನ್ರಿ?"

ಅರ್ಚಕರು ನಕ್ಕು, ಅದು ಮಾಡುವವರ ಮನಸ್ಸಿಗೆ ಬಿಟ್ಟದ್ದು ಎಂದರು. ಆಂಟಿಗೆ ಅಷ್ಟು ಸಾಕಾಗಿತ್ತು.

"ಗಣಪ್ಪಗ ಅಡ್ವಾನ್ಸ್ ಕೊಡ್ತಾರೇನ್ರಿ?" ಎಂದು ಆಂಟಿ ಫೋನ್ ಕಸಿದುಕೊಂಡು, ಅರ್ಚಕರಿಗೆ ನಮಸ್ಕಾರ ಹೇಳಿ ಇಟ್ಟರು.

ಒಂದು ಉಪವಾಸ ಮುರಿಸಲು ಹೋದ ಡಾಕ್ಟರು ಎರಡು ಗಳಿಸಿದ್ದರು. ಆಂಟಿ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿಂದರು, ನಡುಕ ನಿಂತಿತು. ಬೇಸರಪಟ್ಟಂತೆ ಕಾಣಲಿಲ್ಲ. ತಿನ್ನುತ್ತಲೇ ಗೈಡ್ ಹುಡುಗಿಯನ್ನು ಕರೆದು, ನಾಳೆ ರಾತ್ರಿಯ ಬೀಜಿಂಗ್ ರೈಲಿನಲ್ಲಿ ಪೂರ್ವಕ್ಕೆ ಯಾವ ಕಡೆಯ ಕಿಟಕಿ ಬರುತ್ತದೆ ಎಂದು ಕೇಳಿದರು. ಹುಡುಗಿ ಟಿಕೆಟ್ ನೋಡಿ, ನಿಮ್ಮ ಸೀಟು ಆ ಕಡೆಗಿಲ್ಲ, ಅಲ್ಲಿ ಓಡಾಡುವ ದಾರಿ ಮಾತ್ರ ಎಂದು ಸಂಕೋಚದಿಂದ ಹೇಳಿದಳು.

ಆಂಟಿ ಗಂಡನ ಕಡೆ ತಿರುಗಿದರು. "ನಿಂತು ನೋಡತೀನಿ. ನೀವು ಮಲಗ್ರಿ."